ಎಲ್ಲರೂ ‘ಕೈದಿ’ಗಳಲ್ಲ

ಮಾನ್ಯರೇ,

ಜೈಲಿನ ಸುದ್ದಿ ಬಂದಾಗಲೆಲ್ಲ ತಮ್ಮ ಪತ್ರಿಕೆ ಒಳಗಿರುವವರನ್ನೆಲ್ಲ ಒಟ್ಟಾಗಿ ‘ಖೈದಿಗಳು’ ಎಂದು ಬರೆಯುತ್ತದೆ. ಮೂವತ್ತು ವರ್ಷ ಕನ್ನಡ ಕಲಿಸಿದವಳಾಗಿ ಮೊದಲು ಕಾಗುಣಿತ ತಿದ್ದುತ್ತೇನೆ: ಅರಬ್ಬಿ ಮೂಲದ ಈ ಪದಕ್ಕೆ ಮಹಾಪ್ರಾಣ ಬೇಕಿಲ್ಲ, ‘ಕೈದಿ’ ಸಾಕು. (ಹಳಗನ್ನಡದ ‘ಕೈದು’ ಬೇರೆಯದೇ ಪದ, ಅದು ಆಯುಧ.)

ಆದರೆ ನನ್ನ ಸಂಕಟ ಕಾಗುಣಿತದ್ದಲ್ಲ. ನನ್ನ ಶಿಷ್ಯೆಯೊಬ್ಬಳ ಅಣ್ಣ ಜಾಮೀನು ಕೊಡುವವರಿಲ್ಲದೆ ಹದಿನಾಲ್ಕು ತಿಂಗಳು ಒಳಗಿದ್ದ. ಕೊನೆಗೆ ನಿರ್ದೋಷಿ ಎಂದು ತೀರ್ಪಾಯಿತು. ಅಷ್ಟರಲ್ಲಿ ಊರಿನವರ ಬಾಯಲ್ಲಿ ಅದು ‘ಕೈದಿ ಮನೆ’ ಆಗಿಹೋಗಿತ್ತು. ಆ ಹುಡುಗಿಗೆ ಬಂದ ಎರಡು ಸಂಬಂಧ ಮುರಿದವು.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ 2022ರ ವರದಿಯಂತೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ನಾಲ್ವರಲ್ಲಿ ಮೂವರು. ಅವರ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ! ಜನರ ಕಿವಿಗೆ ಮಾತ್ರ ‘ಕೈದಿ’ ಎಂದರೆ ತಪ್ಪು ಮಾಡಿ ಶಿಕ್ಷೆ ಉಣ್ಣುವವನು.

ಜೈಲಿನ ಕಡತಗಳಲ್ಲೇ ‘ಸಜಾ ಬಂಧಿ’, ‘ವಿಚಾರಣಾಧೀನ ಬಂಧಿ’ ಎಂಬ ಭೇದವಿದೆ. ಶೀರ್ಷಿಕೆಗೆ ಉದ್ದವಾಯಿತೆಂದರೆ ‘ವಿಚಾರಣಾಧೀನ’ ಎಂದಷ್ಟೇ ಹಾಕಿ. ಎಲ್ಲರನ್ನೂ ಸೇರಿಸಿ ಹೇಳುವಾಗ ‘ಸೆರೆಯಲ್ಲಿರುವವರು’ ಎನ್ನಬಹುದು. ‘ಸೆರೆ’ ನಮ್ಮದೇ ಪದ, ಇರುವ ಸ್ಥಿತಿಯನ್ನಷ್ಟೇ ಹೇಳುತ್ತದೆ. ಸುದ್ದಿಮನೆಯಲ್ಲಿ ದಯವಿಟ್ಟು ಈ ವಿಷಯ ಚರ್ಚಿಸಿ.

ಇಂತಿ,
ನಿವೃತ್ತ ಕನ್ನಡ ಶಿಕ್ಷಕಿ, ಹಾಸನ