ಆ ಅಂಗಡಿಯ ಉಳಿದ ನೌಕರರು

ಮಾನ್ಯರೇ,

ಹಾಲಿವುಡ್‌ನ ಹಳೆಯ ಪ್ರಣಯ ಹಾಸ್ಯಚಿತ್ರಗಳ ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಅರ್ನ್ಸ್ಟ್ ಲುಬಿಚ್ ನಿರ್ದೇಶಿಸಿದ 1940ರ ಕಪ್ಪು-ಬಿಳುಪು ಚಿತ್ರ 'ದ ಶಾಪ್ ಅರೌಂಡ್ ದ ಕಾರ್ನರ್' ಅದರಲ್ಲಿ ಸೇರಿದ್ದು ಸಂತೋಷದ ಸಂಗತಿ. ಆದರೆ ಜೇಮ್ಸ್ ಸ್ಟೀವರ್ಟ್ ಮತ್ತು ಮಾರ್ಗರೆಟ್ ಸಲ್ಲವನ್ ಅವರನ್ನು ಬಿಟ್ಟರೆ ಬೇರಾವ ಕಲಾವಿದರ ಹೆಸರೂ ಅಲ್ಲಿರಲಿಲ್ಲ. ಬೇರೆ ಚಿತ್ರವಾಗಿದ್ದರೆ ಸುಮ್ಮನಿರುತ್ತಿದ್ದೆ. ಈ ಚಿತ್ರದ ಮಟ್ಟಿಗೆ ಅದು ಅನ್ಯಾಯವೆಂದೇ ಭಾವಿಸುತ್ತೇನೆ.

ಬುಡಾಪೆಸ್ಟ್‌ನ ಚರ್ಮದ ಸಾಮಾನಿನ ಅಂಗಡಿಯೊಂದರಲ್ಲಿ ಸದಾ ಕಿತ್ತಾಡುವ ಇಬ್ಬರು ನೌಕರರು, ಪತ್ರ ಬರೆಯುತ್ತಿರುವವರು ಯಾರೆಂದು ತಿಳಿಯದೆ, ಅಂಚೆಯ ಮೂಲಕ ಒಬ್ಬರನ್ನೊಬ್ಬರು ಪ್ರೀತಿಸುತ್ತಿರುತ್ತಾರೆ. ಮಿಕ್ಲೋಶ್ ಲಾಸ್ಲೊ ಅವರ ಹಂಗೇರಿಯನ್ ನಾಟಕದಿಂದ ಬಂದ ಈ ಕಥೆ 1998ರ 'ಯೂ ಹ್ಯಾವ್ ಗಾಟ್ ಮೇಲ್'ನಲ್ಲಿ ಇಮೇಲ್‌ನ ಕಥೆಯಾಯಿತು. ಪ್ರೇಮಿಗಳೇನೋ ಅಲ್ಲಿಗೂ ಬಂದರು, ಆ ಅಂಗಡಿ ಮಾತ್ರ ಬರಲಿಲ್ಲ. ಕೆಲಸ ಹೋದರೆ ಗತಿಯೇನು ಎಂಬ ಅಳುಕನ್ನು ಒಳಗಿಟ್ಟುಕೊಂಡೇ ನಗುವ ಆ ಮಂದಿಯೇ ಲುಬಿಚ್ ಚಿತ್ರದ ಜೀವ.

ಫೀಲಿಕ್ಸ್ ಬ್ರೆಸಾರ್ಟ್ ಅವರ ಪಿರೋವಿಚ್ ಪಾತ್ರವನ್ನೇ ನೋಡಿ. ಮಾಲೀಕನು ಪ್ರಾಮಾಣಿಕ ಅಭಿಪ್ರಾಯ ಕೇಳಿದ ಕೂಡಲೇ ಈ ಸಂಸಾರಸ್ಥ ಗುಮಾಸ್ತ ಸುರುಳಿ ಮೆಟ್ಟಿಲೇರಿ ಮಾಯವಾಗುತ್ತಾನೆ. ಕೆಫೆಯ ಕಿಟಕಿಯಲ್ಲಿ ಇಣುಕಿ, ಪತ್ರದ ಹುಡುಗಿ ಯಾರೆಂಬುದನ್ನು ಗೆಳೆಯನಾದ ನಾಯಕನಿಗೆ ಮೆಲ್ಲಮೆಲ್ಲನೆ ತಿಳಿಸುವವನೂ ಅವನೇ. ಆ ದೃಶ್ಯದ ನಗು ಮತ್ತು ಮರುಕ ಎರಡೂ ಬ್ರೆಸಾರ್ಟ್ ಅವರ ಧ್ವನಿಯಲ್ಲಿವೆ. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ಜರ್ಮನಿಯನ್ನು ತೊರೆದ ಯಹೂದಿ ನಟ ಅವರು. ನಯವಂಚಕ ವಾಡಾಸ್‌ನಾಗಿ ನಟಿಸಿದ ವಿಯೆನ್ನಾ ಸಂಜಾತ ಜೋಸೆಫ್ ಷಿಲ್ಡ್‌ಕ್ರೌಟ್, 1937ರ 'ದ ಲೈಫ್ ಆಫ್ ಎಮಿಲ್ ಝೋಲಾ' ಚಿತ್ರದ ಡ್ರೇಫಸ್ ಪಾತ್ರಕ್ಕಾಗಿ ಆಸ್ಕರ್ ಪಡೆದಿದ್ದವರು.

ಇವರೆಲ್ಲರಿಗಿಂತ ನನ್ನನ್ನು ಹೆಚ್ಚು ಕಾಡುವವರು ಮಾಲೀಕ ಮಾಟುಶೆಕ್ ಪಾತ್ರದ ಫ್ರ್ಯಾಂಕ್ ಮಾರ್ಗನ್. ಹಿಂದಿನ ವರ್ಷವಷ್ಟೇ 'ದ ವಿಝರ್ಡ್ ಆಫ್ ಆಝ್'ನ ಮಾಂತ್ರಿಕನಾಗಿ ಮಕ್ಕಳನ್ನು ರಂಜಿಸಿದ್ದ ಅವರು, ಇಲ್ಲಿ ಹೆಂಡತಿಯ ದ್ರೋಹ ತಿಳಿದು ಆತ್ಮಹತ್ಯೆಗೆ ಮುಂದಾಗುವ ಮುದುಕ. ಅವನನ್ನು ಉಳಿಸುವವನು ವಿಲಿಯಂ ಟ್ರೇಸಿ ಅಭಿನಯದ ತುಂಟ ಹುಡುಗ ಪೆಪಿ. ಕ್ರಿಸ್‌ಮಸ್ ಮುನ್ನಾದಿನದ ರಾತ್ರಿ, ವ್ಯಾಪಾರ ಮುಗಿದ ಮೇಲೆ, ಮಾಟುಶೆಕ್ ಅಂಗಡಿಯ ಹೊರಗೆ ಹಿಮದಲ್ಲಿ ನಿಂತು, ಮನೆಗೆ ಹೊರಟ ಒಬ್ಬೊಬ್ಬರನ್ನೂ ಊಟ ಎಲ್ಲಿ ಎಂದು ವಿಚಾರಿಸುತ್ತಾನೆ. ಎಲ್ಲರಿಗೂ ಅವರವರ ಮನೆಯಿದೆ. ಕೊನೆಗೆ ಹೊಸದಾಗಿ ಸೇರಿದ ರೂಡಿ ಎಂಬ ಹುಡುಗನೂ ತನ್ನಂತೆಯೇ ಒಂಟಿ ಎಂದು ತಿಳಿದಾಗ, ತಾವಿಬ್ಬರೂ ತಿನ್ನಲಿರುವ ತಿನಿಸುಗಳನ್ನು ಅವನು ಬಣ್ಣಿಸುವ ಉತ್ಸಾಹವನ್ನು ಕಂಡು ಕಣ್ಣು ತೇವಗೊಳ್ಳದವರು ವಿರಳ. ಇಂಥ ಅಭಿನಯವಿದ್ದ ಚಿತ್ರಕ್ಕೆ ಒಂದೇ ಒಂದು ಆಸ್ಕರ್ ನಾಮನಿರ್ದೇಶನವೂ ದೊರೆಯಲಿಲ್ಲ. 1999ರಲ್ಲಿ, ಸಂರಕ್ಷಿಸಬೇಕಾದ ಚಿತ್ರಗಳ ಪಟ್ಟಿಯಾದ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿತೆಂಬುದಷ್ಟೇ ಸಮಾಧಾನ.

ಇಂಥ ಲೇಖನಗಳನ್ನು ಮುಂದೆ ಪ್ರಕಟಿಸುವಾಗ, ನಾಯಕ-ನಾಯಕಿಯರ ಚಿತ್ರದ ಕೆಳಗಾದರೂ, ಪೋಷಕ ಕಲಾವಿದರ ಹೆಸರುಗಳನ್ನು ಅವರ ಪಾತ್ರಗಳ ಸಹಿತ ಮುದ್ರಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಮೈಸೂರು