ಮಗಳಿಗೊಂದು ಪತ್ರ: ಮಂಗಳೂರಿನ ಬೆವರು ಯಾಕೆ ಆರುವುದಿಲ್ಲ

ಪ್ರೀತಿಯ ಮಗಳಿಗೆ,

ಕಲಬುರಗಿಯ 42 ಡಿಗ್ರಿ ಬಿಸಿಲಲ್ಲಿ ಬೆಳೆದವಳು ನೀನು. ಈಗ ಮಂಗಳೂರಿನ 34 ಡಿಗ್ರಿಗೇ ಜೀವ ಸಾಕಾಗಿದೆ ಅಂತೀಯ. ಹಾಸ್ಟೆಲ್ ರೂಮಿಗೆ ಒಂದು ಕೂಲರ್ ಕೊಳ್ಳಲಾ ಅಂತಲೂ ಕೇಳಿದೆ. ಬೇಡ. ದುಡ್ಡಿನ ಮಾತಲ್ಲ ಇದು. ಅಲ್ಲಿ ಕೂಲರ್ ಕೆಲಸ ಮಾಡುವುದಿಲ್ಲ. ಫೋನಿನಲ್ಲಿ ಗಡಿಬಿಡಿಯಲ್ಲಿ ಹೇಳಿದರೆ ಅರ್ಧ ತಲೆಗೆ ಹೋಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಅಡುಗೆಮನೆಯ ಗಡಿಗೆಯಿಂದ ಶುರು ಮಾಡೋಣ. ಅದರ ಹೊರಮೈ ಮುಟ್ಟಿದರೆ ಯಾವಾಗಲೂ ಪಸೆ ಪಸೆ, ಅಲ್ವಾ? ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದ ತೂತುಗಳಿವೆ. ಒಳಗಿನ ನೀರು ಅವುಗಳಿಂದ ಜಿನುಗಿ ಹೊರಬಂದು ಆರುತ್ತದೆ. ನೀರಿನ ಕಣಗಳೆಲ್ಲ ಒಂದೇ ವೇಗದಲ್ಲಿ ಓಡಾಡುವುದಿಲ್ಲ. ಜೋರಾಗಿ ಓಡುವ ಕಣಗಳು ಗಾಳಿಗೆ ಹಾರಿಹೋಗುತ್ತವೆ, ತಮ್ಮ ಪಾಲಿನ ಶಾಖವನ್ನೂ ಹೊತ್ತುಕೊಂಡು. ಹಿಂದೆ ಉಳಿಯುವುದು ನಿಧಾನದವು. ಆದ್ದರಿಂದ ಉಳಿದ ನೀರು ತಣ್ಣಗಾಗುತ್ತದೆ.

ಎಷ್ಟು ಶಾಖ ಹೋಗುತ್ತದೆ ಅಂತ ಲೆಕ್ಕ ಹಾಕಿದರೆ ನನಗೆ ಈಗಲೂ ಬೆರಗು. 1 ಗ್ರಾಂ ನೀರು 1 ಡಿಗ್ರಿ ತಣ್ಣಗಾಗಲು 1 ಕ್ಯಾಲರಿ ಶಾಖ ಹೋದರೆ ಸಾಕು. ಅದೇ 1 ಗ್ರಾಂ ನೀರು ಆವಿಯಾಗಿ ಹೋಗುವಾಗ ಸುಮಾರು 580 ಕ್ಯಾಲರಿ ಎಳೆದುಕೊಂಡು ಹೋಗುತ್ತದೆ. ಅಂದರೆ 10 ಲೀಟರ್ ನೀರು 10 ಡಿಗ್ರಿ ಇಳಿಯಲು ಒಂದು ಲೋಟದಷ್ಟು ನೀರು ಆರಿದರೂ ಆಯಿತು. ಹೊರಗಿನ ಝಳ ಗಡಿಗೆಯೊಳಗೆ ನುಗ್ಗುತ್ತಲೇ ಇರುವುದರಿಂದ ನಿಜವಾಗಿ ಇನ್ನೂ ಸ್ವಲ್ಪ ಜಾಸ್ತಿ ಬೇಕಾಗುತ್ತದೆ. ಹೊರಗೆ ದಪ್ಪಗೆ ಬಣ್ಣ ಬಳಿದ ಗಡಿಗೆ ನೋಡಲು ಚೆಂದ, ಆದರೆ ತೂತು ಮುಚ್ಚಿರುವುದರಿಂದ ನೀರು ಅಷ್ಟು ತಣ್ಣಗಾಗುವುದಿಲ್ಲ.

ನಿನ್ನ ಚರ್ಮವೂ ಮಾಡುವುದು ಇದೇ ಕೆಲಸ. ಗಾಳಿ ಚರ್ಮಕ್ಕಿಂತ ತಂಪಾಗಿದ್ದರೆ ಮೈಯ ಶಾಖ ತಾನಾಗಿಯೇ ಹೊರಗೆ ಹೋಗುತ್ತದೆ. ಗಾಳಿ 40 ದಾಟಿದಾಗ ಆ ದಾರಿ ಬಂದ್. ಆಗ ಬೆವರು ಆರುವುದೊಂದೇ ದಾರಿ. ನಮ್ಮೂರಿನಲ್ಲಿ ಏಪ್ರಿಲ್ ಮಧ್ಯಾಹ್ನ ಹೊರಗೆ ಹೋಗಿ ಬಂದರೆ ಮೈ ಒಣಗಿಯೇ ಇರುತ್ತದೆ. ಆದರೆ ನಿನ್ನ ಅಪ್ಪನ ಅಂಗಿಯ ಬೆನ್ನ ಮೇಲೆ ಉಪ್ಪಿನ ಬಿಳಿ ಗೆರೆ ಇರುತ್ತದಲ್ಲ, ಅದೇ ಸಾಕ್ಷಿ. ಬೆವರು ಬಂದಿದೆ, ಬಂದ ಹಾಗೇ ಆರಿದೆ, ಶಾಖ ಒಯ್ದಿದೆ. ಮಂಗಳೂರಿನಲ್ಲಿ ಗಾಳಿಯ ತುಂಬ ಸಮುದ್ರದ ತೇವ. ಅದು ಇನ್ನಷ್ಟು ಆವಿಯನ್ನು ಸುಲಭವಾಗಿ ಹಿಡಿಯುವುದಿಲ್ಲ. ಬೆವರು ಆರದೆ ಕತ್ತಿನಿಂದ ತೊಟ್ಟಿಕ್ಕುತ್ತದೆ. ನೆಲಕ್ಕೆ ಬಿದ್ದ ಬೆವರು ತಂಪು ಕೊಡುವುದಿಲ್ಲ. ನಿನ್ನ ನೀರು, ಉಪ್ಪು ಎರಡೂ ಸುಮ್ನೆ ದಂಡ.

ಇದನ್ನು ಅಳೆಯಲೂ ಬರುತ್ತದೆ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ಅದು ಎಲ್ಲಿಯವರೆಗೆ ಇಳಿಯುತ್ತದೋ, ನೀರು ಆರುವುದರಿಂದ ಸಿಗುವ ತಂಪಿನ ಮಿತಿ ಅಷ್ಟೇ. 40 ಡಿಗ್ರಿ ಬಿಸಿಲಿದ್ದು ಗಾಳಿಯ ತೇವಾಂಶ ಶೇಕಡಾ 20 ಇದ್ದರೆ ಅದು 23ರ ಹತ್ತಿರ ಇಳಿಯುತ್ತದೆ. 34 ಡಿಗ್ರಿ ಇದ್ದು ತೇವಾಂಶ ಶೇಕಡಾ 70 ಇದ್ದರೆ 29ಕ್ಕೇ ನಿಂತುಬಿಡುತ್ತದೆ. ಕೂಲರ್ ಕೂಡ ಒದ್ದೆ ಹುಲ್ಲಿನ ಮೂಲಕ ಗಾಳಿ ಎಳೆಯುವ ಫ್ಯಾನ್ ಅಷ್ಟೇ. ಈ ಮಿತಿ ಅದಕ್ಕೂ ದಾಟಲು ಬರುವುದಿಲ್ಲ. ಮೇಲಾಗಿ, ಮೊದಲೇ ತೇವ ತುಂಬಿದ ರೂಮಿಗೆ ಇನ್ನಷ್ಟು ತೇವ ತುಂಬುತ್ತದೆ. ಅದೇ ದುಡ್ಡಿನಲ್ಲಿ ಒಳ್ಳೆಯ ಟೇಬಲ್ ಫ್ಯಾನ್ ತಗೋ. ಚರ್ಮಕ್ಕೆ ಅಂಟಿಕೊಂಡ ತೇವದ ಗಾಳಿಯನ್ನು ಅದು ಸರಿಸುತ್ತದೆ, ಬೆವರು ಒಂದಿಷ್ಟಾದರೂ ಆರುತ್ತದೆ. ಕಿಟಕಿ ತೆರೆದಿರಲಿ.

ನಮ್ಮ ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವ ಮೊದಲು ಸ್ಪಿರಿಟ್ ಹತ್ತಿ ಒರೆಸಿದ ಕೂಡಲೇ ಮಕ್ಕಳು ಬೆಚ್ಚುತ್ತವೆ, ಅಷ್ಟು ತಣ್ಣಗೆ. ಸ್ಪಿರಿಟ್ ಇರುವುದು ಟ್ರೇಯಲ್ಲಿ, ರೂಮಿನಷ್ಟೇ ಬೆಚ್ಚಗೆ. ಬೇಗ ಆರುವುದರಿಂದ ಶಾಖವನ್ನೂ ಬೇಗ ಎಳೆಯುತ್ತದೆ. ನೀನೂ ಅಂಗೈಗೆ ಸ್ಯಾನಿಟೈಸರ್ ಹಚ್ಚಿ ನೋಡು, ಮಂಗಳೂರಿನ ಸೆಕೆಯಲ್ಲೂ ತಣ್ಣಗಾಗುತ್ತದೆ. ಗಾಳಿಯಲ್ಲಿ ನೀರಿನ ಆವಿ ಎಷ್ಟೇ ಇರಲಿ, ಸ್ಪಿರಿಟ್ ಆವಿ ಇಲ್ಲವಲ್ಲ! 1758ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಜಾನ್ ಹ್ಯಾಡ್ಲಿ ಅನ್ನುವ ವಿಜ್ಞಾನಿಗಳು ಥರ್ಮಾಮೀಟರಿಗೆ ಈಥರ್ ಅನ್ನುವ, ಸ್ಪಿರಿಟ್‌ಗಿಂತಲೂ ಬೇಗ ಆರುವ ದ್ರವ ಸವರುತ್ತ, ತಿದಿಯಿಂದ ಗಾಳಿ ಊದುತ್ತ ಹೋದರು. ಸುಮಾರು 18 ಡಿಗ್ರಿ ಇದ್ದ ರೂಮಿನಲ್ಲೇ ಅದು ಸೊನ್ನೆಗಿಂತ ಕೆಳಗೆ, ಮೈನಸ್ 14 ಡಿಗ್ರಿಯ ಹತ್ತಿರ ಇಳಿಯಿತು.

ಪ್ರಾಣಿಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ನಾಯಿ ನಾಲಿಗೆ ಚಾಚಿ ಏದುಸಿರು ಬಿಡುತ್ತದೆ, ಮಧ್ಯಾಹ್ನದ ಕಾಗೆ ಕೊಕ್ಕು ತೆರೆದು ಕೂರುತ್ತದೆ. ಎಮ್ಮೆಗೆ ಆಕಳಿಗಿಂತ ಬೆವರಿನ ಗ್ರಂಥಿ ಕಡಿಮೆ, ಅದಕ್ಕೇ ಕೆರೆ, ಕೆಸರು ಹುಡುಕುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟ ಜೇನುನೊಣ. ಗೂಡು ಕಾದರೆ ಕೆಲವು ನೊಣಗಳು ನೀರು ತಂದು ಹನಿ ಹನಿಯಾಗಿ ಎರಿಯ ಮೇಲೆ ಹರಡುತ್ತವೆ, ಉಳಿದವು ಅಲ್ಲೇ ನಿಂತು ರೆಕ್ಕೆ ಬೀಸುತ್ತವೆ. ಹೊರಗೆ ಎಷ್ಟೇ ಬಿಸಿಲಿದ್ದರೂ ಮರಿಗಳಿರುವ ಜಾಗವನ್ನು 35 ಡಿಗ್ರಿಯ ಆಸುಪಾಸಿನಲ್ಲೇ ಕಾಯುತ್ತವೆ.

ಇಷ್ಟೆಲ್ಲ ಬರೆದದ್ದಕ್ಕೆ ಇನ್ನೊಂದು ಕಾರಣವಿದೆ. ನಿಮ್ಮ ಕಾಲೇಜಿನ ಕ್ರೀಡಾಕೂಟ ಹತ್ತಿರ ಬಂತು. ಬಾಯಾರುವ ತನಕ ಕಾಯದೆ ನೀರು ಕುಡಿ, ಜಾಸ್ತಿ ಬೆವರಿದರೆ ಓಆರ್‌ಎಸ್ ಅಥವಾ ಉಪ್ಪು ಹಾಕಿದ ಮಜ್ಜಿಗೆ ಕುಡಿ. ಮೈದಾನದಲ್ಲಿ ಯಾರಾದರೂ ಮೈ ಕಾದು, ಅಡ್ಡಾದಿಡ್ಡಿ ಮಾತಾಡಿದರೆ ಅಥವಾ ಕುಸಿದರೆ ಅದು ಬಿಸಿಲಿನ ಹೊಡೆತ ಇರಬಹುದು. ಮೈ ಬೆವರಿದ್ದರೂ ಇರಬಹುದು, ಮೋಸ ಹೋಗಬೇಡ. ಮೊದಲು ನೆರಳಿಗೆ ಒಯ್ಯಿರಿ, ಯಾರಾದರೂ 108ಕ್ಕೆ ಫೋನ್ ಮಾಡಲಿ. ಬಟ್ಟೆ ಸಡಿಲ ಮಾಡಿ. ನಮ್ಮೂರಿನ ಒಣ ಗಾಳಿಯಲ್ಲಿ ಮೈ ಒದ್ದೆ ಮಾಡಿ ಬೀಸಿದರೆ ಬಹಳ ಕೆಲಸವಾಗುತ್ತದೆ. ಅಲ್ಲಿ ಅಷ್ಟನ್ನೇ ನಂಬಬೇಡ. ತಣ್ಣೀರು ಸುರಿಯುತ್ತಲೇ ಇರಿ, ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ನೀರು ಹಾಕಬೇಡಿ. ಈ ಪುಟವನ್ನು ನಿನ್ನ ಗೆಳತಿಯರಿಗೂ ಓದಿ ಹೇಳು.

ನಿನ್ನ,
ಅವ್ವ