‘ಸಿಕ್ಕಿತು’ ಅನ್ನೋ ಪದದ ಬಗ್ಗೆ

ಪ್ರೀತಿಯ ಸುಮಾ,

ನಿನ್ನ ಲೇಖನ ತಲುಪಿತು. ಗಾಂಧಿ ಬಜಾರಿನಲ್ಲಿ ಕಾಫಿ ಕುಡೀತಾ ಒಂದು ಸಲ, ಮನೆಗೆ ಬಂದು ಇನ್ನೊಂದು ಸಲ ಓದಿದೆ. ಚೆನ್ನಾಗಿದೆ. ನನ್ನ ತಕರಾರು ಒಂದೇ ಪದದ ಮೇಲೆ. ‘ಸಂವಿಧಾನ ಬಂದಾಗ ನಮ್ಮ ಹೆಂಗಸರಿಗೆ ಓಟಿನ ಹಕ್ಕು ಸಿಕ್ಕಿತು’ ಅಂತ ಶುರು ಮಾಡಿದ್ದೀಯ. ಸಿಕ್ಕಿತು ಅಂದ್ರೆ ಏನಮ್ಮಾ? ದಾರೀಲಿ ಬಿದ್ದಿರೋ ಎಂಟಾಣೆ ಸಿಗುತ್ತೆ.

ಬೈಯೋ ಯೋಗ್ಯತೆ ನನಗೂ ಇಲ್ಲ ಬಿಡು. ನಿನ್ನ ವಯಸ್ಸಿನಲ್ಲಿ ನಾನು ಇನ್ನೂ ಕೆಟ್ಟದಾಗಿ ಬರೆದಿದ್ದೆ. ಇಂಗ್ಲೆಂಡಿನ ಹೆಂಗಸರು ಜೈಲಿಗೆ ಹೋದರು, ನಮ್ಮವರಿಗೆ ಪುಕ್ಕಟೆ ಬಂತು ಅಂತ. ಅದು ಅಚ್ಚೂ ಆಯಿತು. ಆಮೇಲೆ ಇತಿಹಾಸ ಓದುತ್ತಾ ನನಗೇ ನಾಚಿಕೆಯಾಯಿತು.

1917ರ ಡಿಸೆಂಬರಿನಲ್ಲೇ ಸರೋಜಿನಿ ನಾಯ್ಡು ಮತ್ತು ಸಂಗಡಿಗರು ಮದರಾಸಿನಲ್ಲಿ ಬ್ರಿಟಿಷ್ ಸರ್ಕಾರದ ಭಾರತ ಮಂತ್ರಿ ಮಾಂಟೆಗು ಅವರನ್ನು ಕಂಡು ಓಟು ಕೇಳಿದ್ದರು. ಅದಕ್ಕಾಗಿ ಓಡಾಡಿದ ಮಾರ್ಗರೆಟ್ ಕಸಿನ್ಸ್ ಐರ್ಲೆಂಡಿನಲ್ಲಿ ಇದೇ ಹಕ್ಕಿಗೆ ಜೈಲು ನೋಡಿ ಬಂದಾಕೆ. ಯಾರಿಗೆ ಓಟು ಕೊಡಬೇಕು ಅಂತ ನೋಡೋಕೆ ಬ್ರಿಟಿಷರು ನೇಮಿಸಿದ್ದ ಸೌತ್‌ಬರೋ ಸಮಿತಿ ಹೆಂಗಸರಿಗೆ ಆಗೋದಿಲ್ಲ ಅಂದಿತು. 1919ರ ಭಾರತ ಸರ್ಕಾರ ಕಾಯ್ದೆ ತಾನು ಕೈ ತೊಳೆದುಕೊಂಡು ತೀರ್ಮಾನವನ್ನು ಪ್ರಾಂತ್ಯಗಳ ತಲೆಗೆ ಕಟ್ಟಿತು. 1921ರಲ್ಲಿ ಮದರಾಸು ಒಪ್ಪಿತು, ಅದೂ ಆಸ್ತಿಪಾಸ್ತಿ ಇದ್ದವರಿಗೆ. ಆಗ ಹೆಂಗಸಿನ ಹೆಸರಲ್ಲಿ ಎಷ್ಟು ಆಸ್ತಿ ಇರ್ತಿತ್ತು, ನೀನೇ ಯೋಚಿಸು. 1926ರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಮದರಾಸು ಶಾಸನಸಭೆಗೆ ನಿಂತು ಸ್ವಲ್ಪದರಲ್ಲಿ ಸೋತರು. ಹೆಂಗಸರು ಚುನಾವಣೆಗೆ ನಿಲ್ಲಬಹುದು ಅಂತ ಆಗಿದ್ದೇ ಆ ವರ್ಷ! ಇದನ್ನು ನೀನು ಅರ್ಧ ಸಾಲಿನಲ್ಲಿ ಮುಗಿಸಿದ್ದೀಯ. ನ್ಯೂಜಿಲೆಂಡಿಗೆ ಒಂದು ಪುಟ. ಅಲ್ಲಿನ ಹೆಂಗಸರು ಓಟು ಪಡೆದ 1893 ದೊಡ್ಡ ವರ್ಷವೇ, ಇಲ್ಲ ಅನ್ನಲ್ಲ. ಆದರೂ ಜಾಸ್ತಿಯಾಯಿತು.

ಇನ್ನೊಂದು ವಿಷಯ ನೀನು ಬಿಟ್ಟೇಬಿಟ್ಟಿದ್ದೀಯ. ಮೊದಲ ಮಹಾಚುನಾವಣೆಗೆ ಮತದಾರರ ಪಟ್ಟಿ ಮಾಡುವಾಗ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ಮಗಳು, ಅಷ್ಟೇ. ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಹೆಚ್ಚಿನವರು ಉತ್ತರದ ಕಡೆಯವರು. ಆದರೆ ಆ ಸಂಕೋಚ ಅಲ್ಲಿಯದು ಮಾತ್ರ ಅಲ್ಲ.

ಚಾಮರಾಜಪೇಟೆಯ ನಮ್ಮ ಸೋದರತ್ತೆ ಹೇಳೋರು. ಪಟ್ಟಿ ಬರೆಯೋನು ಜಗಲಿ ಮೇಲೆ ಕೂತು ಹೆಸರು ಕೇಳಿದ. ಇವರು ಬಾಗಿಲ ಹಿಂದಿನಿಂದ ‘ಮೇಷ್ಟ್ರ ಮನೆಯೋರು ಅಂತ ಬರ್ಕೊಳ್ಳಿ’ ಅಂದರು. ಅವನು ಪೆನ್ನು ಎತ್ತಿ ಹಿಡಿದು ಕೂತೇ ಇದ್ದ. ಮಾವ ಕೆಮ್ಮಿದರು. ಕೊನೆಗೆ ಅಂಗಳದಲ್ಲಿ ಕುಂಟೆಬಿಲ್ಲೆ ಆಡ್ತಿದ್ದ ಮಗಳು ಅಮ್ಮನ ಹೆಸರು ಕೂಗಿ ಹೇಳಿದಳು. ಮದುವೆಯಾದ ಮೇಲೆ ಆ ಮನೆಯಲ್ಲಿ ತನ್ನ ಹೆಸರನ್ನು ಅಷ್ಟು ಗಟ್ಟಿಯಾಗಿ ಕೇಳಿದ್ದು ಅದೇ ಮೊದಲಂತೆ.

ಸುಮ್ನೆ ಮೊಬೈಲಿನಲ್ಲಿ ಹುಡುಕಿ ಬರೀಬೇಡ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯ ಲೈಬ್ರರಿಗೆ ಒಂದು ದಿನ ಹೋಗು. ಧೂಳಿಗೆ ಸೀನು ಬಂದರೆ ಬರಲಿ.

ಅಂದ ಹಾಗೆ, ನಿನ್ನ ಅಜ್ಜಿ 1952ರಲ್ಲಿ ಓಟು ಹಾಕಿದ ಕತೆ ಬರೆದಿದ್ದೀಯಲ್ಲ, ಚೆನ್ನಾಗಿದೆ. ಆರು ಸಲ ‘ನಮ್ಮಜ್ಜಿ’ ಅಂದಿದ್ದೀಯ. ಅವರ ಹೆಸರು ಎಲ್ಲೂ ಇಲ್ಲ. ತಿದ್ದಿ ಕಳಿಸುವಾಗ ಸೇರಿಸು.

ನಿನ್ನ,
ಶಾರದತ್ತೆ
ಬಸವನಗುಡಿ, ಬೆಂಗಳೂರು